ಸೀನಿದವನಿಗೆ ಊರೆಲ್ಲ ವೈದ್ಯರು

ನಮ್ಮ ತೀರ್ಥಹಳ್ಳಿ ಕಡೆ ನಾಲ್ಕು ಜನರ ಮುಂದೆ ಸೀನಬಾರದು. ಆಕಳಿಸಬಹುದು, ತೂಕಡಿಸಬಹುದು, ಭಾಷಣದ ಮಧ್ಯೆ ಎದ್ದು ಹೋಗಬಹುದು. ಸೀನಿದರೆ ಮಾತ್ರ ಕಥೆ ಮುಗಿಯಿತು. ಅಕ್ಕಪಕ್ಕ ಕೂತವರೆಲ್ಲ ಅಲ್ಲೇ ವೈದ್ಯರಾಗುತ್ತಾರೆ. ಫೀಸಿಲ್ಲ, ಟೋಕನ್ ಇಲ್ಲ, ಬೇಡ ಎಂದರೆ ಬಿಡುವುದೂ ಇಲ್ಲ.

ರಮೇಶ ಬೆಂಗಳೂರು ಸೇರಿ ವರ್ಷಗಳಾಗಿದ್ದರಿಂದ ಈ ಅಪಾಯವನ್ನು ಮರೆತಿದ್ದ. ಪುಷ್ಯ ಮಳೆ ಹಿಡಿದುಕೊಂಡಿತ್ತು. ಕರೆಂಟು ವಾಡಿಕೆಯಂತೆ ಹೋಗಿತ್ತು. ಶಾರದಕ್ಕನ ಮನೆ ಜಗಲಿಯಲ್ಲಿ ನಾವೆಲ್ಲ ಹಲಸಿನ ಹಪ್ಪಳ ಮುರಿಯುತ್ತಾ ಅಡಿಕೆ ಕೊಳೆ ರೋಗದ ಗೋಳು ಹೇಳಿಕೊಳ್ಳುತ್ತಿದ್ದೆವು. ಅವನು ಸೀನಿದ. ಸಾಲಾಗಿ ಮೂರು.

ಕೊಳೆ ರೋಗ ಅಲ್ಲಿಗೇ ನಿಂತಿತು.

"ಕಾಳುಮೆಣಸು," ಎಂದರು ಗೌಡ್ರು. ರಮೇಶ ಇನ್ನೂ ಕರವಸ್ತ್ರ ಹುಡುಕುತ್ತಿದ್ದ.

ಗೌಡ್ರ ವೈದ್ಯಶಾಸ್ತ್ರದಲ್ಲಿ ಇರುವುದು ಒಂದೇ ಪುಟ. ನೆಗಡಿಗೆ ಕಾಳುಮೆಣಸು, ಅಜೀರ್ಣಕ್ಕೆ ಕಾಳುಮೆಣಸು, ಗಂಟಲು ಕೆರೆತಕ್ಕೆ ಕಾಳುಮೆಣಸು. ಒಮ್ಮೆ ಯಾರೋ ಮಗಳಿಗೆ ಗಂಡು ಕೂಡಿ ಬರುತ್ತಿಲ್ಲ ಎಂದಾಗಲೂ "ಅವರ ಮನೆಗೆ ಎರಡು ಕೆಜಿ ಮೆಣಸು ಕಳಿಸಿ ನೋಡಿ" ಎಂದಿದ್ದರು. ಅವರ ತೋಟದಲ್ಲಿ ಅಡಿಕೆ ಮರಕ್ಕೊಂದು ಮೆಣಸಿನ ಬಳ್ಳಿ ಇದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾವು ನಂಬಿದ್ದೇವೆ.

"ಹೇಗೆ ತಗೊಳ್ಳೋದು ಗೌಡ್ರೇ?" ಎಂದ ರಮೇಶ. ಕೇಳಬಾರದಿತ್ತು.

"ನಾಟಿ ಕೋಳಿ ಸಾರಿನಲ್ಲಿ. ಮೆಣಸು ಜಜ್ಜಿ ಹಾಕಬೇಕು, ಪುಡಿ ಮಾಡಬಾರದು. ಬಿಸಿ ಕಡುಬಿನ ಜೊತೆ ಒಂದು ಬಟ್ಟಲು ಹೊಡೆದು, ಕಂಬಳಿ ಹೊದ್ದು ಮಲಗು. ಬೆಳಿಗ್ಗೆ ಮೂಗು ಎಲ್ಲಿದೆ ಅಂತ ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ಹಗುರ."

"ನನ್ನ ಮನೆ ಜಗಲಿಯಲ್ಲಿ ಕೂತು ಕೋಳಿ ಹೆಸರು ತೆಗೆಯುತ್ತೀರಲ್ಲ ಗೌಡ್ರೇ," ಎಂದು ಒಳಗಿನಿಂದ ಶಾರದಕ್ಕ ಗದರಿದರು. "ಅವನಿಗೆ ಕಷಾಯ ಇಡುತ್ತಿದ್ದೇನೆ. ಸುಮ್ನೆ ಕೂರಿ."

"ಕೋಳಿ ಇಲ್ಲದಿದ್ದರೆ ಏಡಿ ಸಾರೂ ಆಗುತ್ತೆ," ಎಂದು ಗೌಡ್ರು ದನಿ ತಗ್ಗಿಸಿ ಸೇರಿಸಿದರು. ಶಾರದಕ್ಕನ ಕಿವಿ ಬಹಳ ಚುರುಕು. ಒಳಗೆ ಪಾತ್ರೆ ಜೋರಾಗಿ ಕುಕ್ಕಿದ ಸದ್ದು ಬಂತು.

ರಮೇಶ ಆಗ ತನ್ನ ಬೆಂಗಳೂರಿನ ಜ್ಞಾನ ಹೊರಗೆ ತೆಗೆದ. "ನಾನು ಅಲ್ಲಿ ದಿನಾ ಟರ್ಮರಿಕ್ ಲಾಟೆ ಕುಡಿಯುತ್ತೇನೆ. ಇಮ್ಯುನಿಟಿಗೆ."

"ಎಂತದು ಅದು?"

"ಹಾಲಿಗೆ ಅರಿಶಿನ ಹಾಕಿ..."

"ಅದಕ್ಕೆ ಎಷ್ಟು ಕೊಡುತ್ತೀಯ?"

ಅವನು ಹೇಳಿದ ದರ ಇಲ್ಲಿ ಬರೆಯುವುದಿಲ್ಲ. ಗೌಡ್ರು ಅದನ್ನು ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಮನೆಯಲ್ಲಿ ಅಜ್ಜಿ ಕೊಟ್ಟಾಗ ಇದೇ ಹಾಲನ್ನು ಕೆಸುವಿನ ಬುಡಕ್ಕೆ ಚೆಲ್ಲುತ್ತಿದ್ದ ಹುಡುಗ ಇವನು.

ಈಗ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಕನ್ನಡಕ ಸರಿಯಾಯಿತು ಎಂದರೆ ಪಾಠ ಶುರು ಎಂದೇ ಅರ್ಥ.

"ರಮೇಶ, ಆ ಲಾಟೆಗೆ ಕಾಳುಮೆಣಸು ಹಾಕುತ್ತಾರೋ?"

"ಗೊತ್ತಿಲ್ಲ ಸಾರ್."

"ಗೊತ್ತಿರಬೇಕು. ಅರಿಶಿನದಲ್ಲಿ ಕೆಲಸ ಮಾಡುವ ಮುಖ್ಯ ವಸ್ತು ಕರ್ಕ್ಯುಮಿನ್. ಅದು ನಾಚಿಕೆ ಸ್ವಭಾವದ ನೆಂಟನ ಹಾಗೆ. ಮನೆ ಬಾಗಿಲವರೆಗೂ ಬರುತ್ತದೆ, ಒಳಗೆ ಬರುವುದಿಲ್ಲ. ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸೇರಿದ್ದನ್ನೂ ಲಿವರ್ ಬೇಗ ಹೊರಗೆ ಕಳಿಸುತ್ತದೆ. ಕಾಳುಮೆಣಸಿನಲ್ಲಿರುವ ಪೈಪರೀನ್ ಇದೆಯಲ್ಲ, ಅದು ಕೈ ಹಿಡಿದು ಪಂಕ್ತಿಗೆ ಎಳೆದು ತಂದು ಕೂರಿಸುತ್ತದೆ. ಇದನ್ನು ತೋರಿಸಿಕೊಟ್ಟವರು ನಿನ್ನ ಬೆಂಗಳೂರಿನವರೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, 1998ರಲ್ಲಿ. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟರು. ರಕ್ತಕ್ಕೆ ಸೇರುವ ಪ್ರಮಾಣ 2000 ಪರ್ಸೆಂಟ್ ಜಾಸ್ತಿಯಾಯಿತು."

ಗೌಡ್ರು ಎದ್ದು ನಿಂತೇಬಿಟ್ಟರು. "ಎರಡು ಸಾವಿರ! ನಾನು ಹೇಳಲಿಲ್ವಾ? ಬಾಯಲ್ಲಿ ಹೇಳಿದರೆ ಹಳ್ಳಿ ಗೌಡ, ಕಾಲೇಜಿನವರು ಹೇಳಿದರೆ ವಿಜ್ಞಾನ."

"ಕೂರಿ ಗೌಡ್ರೇ, ಲೆಕ್ಕ ಮುಗಿದಿಲ್ಲ," ಎಂದರು ಮೇಷ್ಟ್ರು. "ನಮ್ಮ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲು ಅಂತ ಹಿಡಿಯಿರಿ. ಹಾಗಾದರೆ ಆ ಎರಡು ಗ್ರಾಂ ಸಿಗಬೇಕಾದರೆ ಎಷ್ಟು ಅರಿಶಿನ ತಿನ್ನಬೇಕು? ರಮೇಶ, ಹೇಳು."

ಇಂಜಿನಿಯರ್ ರಮೇಶ ಮೊಬೈಲ್ ತೆಗೆದ. ಮೇಷ್ಟ್ರು ನೋಡಿದ ನೋಟಕ್ಕೆ ವಾಪಸ್ ಜೇಬಿಗೆ ಹಾಕಿದ.

"ಅರವತ್ತು... ಅರವತ್ತಾರು ಗ್ರಾಂ."

"ಹಾಂ. ಒಂದು ಹೊತ್ತಿಗೆ. ಅದು ಸಾರಿನ ಅಳತೆಯಲ್ಲ, ಮದುವೆಯಲ್ಲಿ ಮದುಮಗನಿಗೆ ಹಚ್ಚುವ ಅಳತೆ. ಪ್ರಯೋಗಕ್ಕೆ ಬಳಸಿದ್ದು ತೆಗೆದು ಶುದ್ಧ ಮಾಡಿದ ಸಾರ. ನಮ್ಮ ಪಲ್ಯಕ್ಕೆ ಬೀಳುವುದು ಚಿಟಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು."

"ಮತ್ತೆ ಆ ಸಾರದ್ದೇ ಮಾತ್ರೆ ಸಿಗುತ್ತಲ್ಲ ಸಾರ್?"

ಇಷ್ಟು ಹೊತ್ತು ಸುಮ್ಮನಿದ್ದ ಪ್ಯಾರಾ ಬಾಯಿ ತೆರೆದ. ಅವನದು ಮೆಡಿಕಲ್ ಸ್ಟೋರ್. ಪೂರ್ತಿ ಹೆಸರು ಪ್ಯಾರಾಸಿಟಮಾಲ್. ಅಪ್ಪ ಅಮ್ಮ ಇಟ್ಟದ್ದಲ್ಲ, ನಾವು ಇಟ್ಟದ್ದು. "ಸಿಗುತ್ತದೆ. ನಾನೇ ಮಾರುತ್ತೇನೆ. ಆದರೆ ಆ ಮಾತ್ರೆ ನುಂಗಿ ಲಿವರ್ ಕೆಡಿಸಿಕೊಂಡವರೂ ಇದ್ದಾರೆ. ಅದರಲ್ಲೂ ಪೈಪರೀನ್ ಸೇರಿಸಿದ ಮಾತ್ರೆ. ಇನ್ನೊಂದು, ರಕ್ತ ತೆಳುವಾಗುವ ಔಷಧಿ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಮೆಣಸು ಅರಿಶಿನವನ್ನು ಮಾತ್ರ ಒಳಗೆ ಬಿಡುತ್ತದೆ ಅಂತ ಏನಿಲ್ಲ. ಕೆಲವು ಔಷಧಿಗಳನ್ನೂ ಹೆಚ್ಚಾಗಿ ಒಳಗೆ ಬಿಡುತ್ತದೆ."

ಗೌಡ್ರಿಗೆ ಇದು ಹಿಡಿಸಲಿಲ್ಲ. ಮೆಣಸಿನ ಮೇಲೆ ದೂರು ಬಂದರೆ ಅವರು ಇತಿಹಾಸಕ್ಕೆ ಹೋಗುತ್ತಾರೆ. "ಮಾರಾಯ, ಇದೇ ಮೆಣಸಿಗಾಗಿ ಪೋರ್ಚುಗೀಸರು ಹಡಗು ಹತ್ತಿ ಬಂದದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದರು ಅವರು. ನಮ್ಮ ಸಾಗರ ತಾಲ್ಲೂಕಿನ ಕಾನೂರು ಕೋಟೆ ಅವಳದ್ದು. ಲಿವರ್ ಕೆಡಿಸುವ ಸಾಮಾನಿಗೆ ಯಾರಾದರೂ ಅಷ್ಟು ದೂರ ಬರುತ್ತಾರಾ?"

"ಸಾರಾಯಿಗೆ ಬರುವುದಿಲ್ವಾ?" ಎಂದ ಪ್ಯಾರಾ.

ಅಷ್ಟರಲ್ಲಿ ಶಾರದಕ್ಕ ಹಿತ್ತಾಳೆ ಲೋಟದಲ್ಲಿ ಕಷಾಯ ತಂದಿಟ್ಟರು. ಇದರ ಬಗ್ಗೆ ಎರಡು ಮಾತು ಹೇಳಲೇಬೇಕು. ಹೊರಗಿನವರಿಗೆ ಕಷಾಯ ಎಂದರೆ ಮುಖ ಹಿಂಡಿಕೊಂಡು ನುಂಗುವ ಕಹಿ ಔಷಧಿ. ನಮ್ಮಲ್ಲಿ ಅದು ಕಾಫಿ ಟೀ ಸಾಲಿನಲ್ಲಿ ಕೂರುತ್ತದೆ. ನೆಂಟರಿಗೆ "ಕಾಫಿಯೋ, ಕಷಾಯವೋ?" ಎಂದು ಕೇಳುವ ಮನೆಗಳು ಈಗಲೂ ಇವೆ. ಶಾರದಕ್ಕನ ಲೆಕ್ಕ ಹೀಗೆ: ಎರಡು ಲೋಟ ಕೊತ್ತಂಬರಿ ಬೀಜಕ್ಕೆ ಒಂದು ಲೋಟ ಜೀರಿಗೆ, ಕಾಲು ಲೋಟಕ್ಕೂ ಕಡಿಮೆ ಕಾಳುಮೆಣಸು, ಎರಡು ಚಮಚ ಮೆಂತ್ಯ, ಬೆರಳುದ್ದ ಒಣಶುಂಠಿ, ಒಂದಿಷ್ಟು ಏಲಕ್ಕಿ. ಕೊತ್ತಂಬರಿಯನ್ನು ಘಂ ಎನ್ನುವವರೆಗೆ ಮಾತ್ರ ಹುರಿಯಬೇಕು, ಕೆಂಪಾಗಬಾರದು. ಮೆಂತ್ಯ ಬೇರೆಯಾಗಿ ಹುರಿಯಬೇಕು, ಅದು ಸೀದರೆ ಇಡೀ ಡಬ್ಬಿ ಹಾಳು. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಕುದಿಸಿ, ಕೊನೆಗೆ ಹಾಲು. ಹಾಲು ಹಾಕಿದ ಮೇಲೆ ಬಹಳ ಕುದಿಸಿದರೆ ಒಡೆಯುತ್ತದೆ.

"ಜೇಷ್ಠಮಧು ಹಾಕಿದ್ದೀರಾ ಅಕ್ಕ?" ಎಂದು ಗೌಡ್ರು ಮೂಸಿ ನೋಡಿದರು.

"ನಿಮ್ಮ ಲೋಟಕ್ಕೆ ಇಲ್ಲ. ನಿಮಗೆ ಬಿ.ಪಿ. ಇದೆ."

ಪ್ಯಾರಾ ತಲೆಯಾಡಿಸಿದ. ಜೇಷ್ಠಮಧು ಜಾಸ್ತಿಯಾದರೆ ಬಿ.ಪಿ. ಏರುವುದು ನಿಜ. ಶಾರದಕ್ಕನಿಗೆ ಅದನ್ನು ಯಾರು ಹೇಳಿಕೊಟ್ಟರೋ. ಅವರ ಅತ್ತೆ ಇರಬಹುದು, ಇಲ್ಲವೇ ಪ್ಯಾರಾನ ಅಂಗಡಿಯಲ್ಲಿ ಬದನೆಕಾಯಿ ದರ ಮಾತಾಡುತ್ತಾ ತಿಳಿದುಕೊಂಡಿರಬಹುದು.

ಕಷಾಯ ಕಂಡ ಕೂಡಲೇ ಕೊರೊನಾ ಕಾಲದ ನೆನಪು ಬಂತು. ಬರದೇ ಇರುತ್ತದೆಯೇ? 2020ರಲ್ಲಿ ಆಯುಷ್ ಸಚಿವಾಲಯ ಒಂದು ಸಲಹೆ ಕೊಟ್ಟಿತು. ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ ಹಾಕಿದ ಕಷಾಯ, ದಿನಕ್ಕೆ ಒಂದೋ ಎರಡೋ ಸಲ. 150 ಮಿಲಿ ಹಾಲಿಗೆ ಅರ್ಧ ಚಮಚ ಅರಿಶಿನ. ಅಷ್ಟೇ. ನಮ್ಮ ಜನ ಅದನ್ನು ಅಷ್ಟಕ್ಕೇ ಬಿಡುತ್ತಾರಾ? ಅರ್ಧ ಚಮಚ ಒಳ್ಳೆಯದಾದರೆ ನಾಲ್ಕು ಚಮಚ ಎಂಟು ಪಾಲು ಒಳ್ಳೆಯದು. ಬೆಳಿಗ್ಗೆ ಎದ್ದರೆ ಕಷಾಯ, ತಿಂಡಿಯಾದ ಮೇಲೆ ಕಷಾಯ, ಹಾಲಿನವನು ಬಂದು ಹೋದ ಮೇಲೆ ಮುನ್ನೆಚ್ಚರಿಕೆಗೆಂದು ಮತ್ತೊಂದು.

"ಆ ವರ್ಷ ನನ್ನ ಅಂಗಡಿಯಲ್ಲಿ ಮಾಸ್ಕ್ ಬಿಟ್ಟರೆ ಜಾಸ್ತಿ ಹೋದದ್ದು ಎಂತ ಗೊತ್ತಾ?" ಎಂದ ಪ್ಯಾರಾ. "ಹೊಟ್ಟೆ ಉರಿಯ ಮಾತ್ರೆ. ಗಂಡ ಒಬ್ಬ ಬರುತ್ತಿದ್ದ, ಹೊಟ್ಟೆ ಮುಟ್ಟಿಕೊಂಡು. 'ಕಷಾಯ ಬಿಡಿ' ಅಂದರೆ, 'ನೀವೇ ಬಂದು ಅವಳಿಗೆ ಹೇಳಿ' ಅನ್ನುತ್ತಿದ್ದ."

"ದಾಲ್ಚಿನ್ನಿಯದೂ ಹಾಗೇ," ಎಂದರು ಮೇಷ್ಟ್ರು. "ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತಿ. ಅದರಲ್ಲಿ ಕೌಮರಿನ್ ಇರುತ್ತದೆ. ಪಲಾವಿಗೆ ಒಂದು ಚೂರು ಹಾಕಿದರೆ ಏನೂ ಇಲ್ಲ. ಸಕ್ಕರೆ ಕಾಯಿಲೆಗೆ ಅಂತ ತಿಂಗಳುಗಟ್ಟಲೆ ಚಮಚದಲ್ಲಿ ತಿಂದರೆ ಲಿವರ್‌ಗೆ ಕಷ್ಟ. ಸಿಲೋನ್ ಚಕ್ಕೆ ತೆಳು, ಸುರುಳಿ ಸುರುಳಿಯಾಗಿರುತ್ತದೆ, ಅದರಲ್ಲಿ ಈ ಕಾಟ ತೀರಾ ಕಡಿಮೆ."

ರಮೇಶ ಈ ನಡುವೆ ಮತ್ತೆ ಸೀನಿದ. ಯಾರೂ ಗಮನಿಸಲಿಲ್ಲ. ರೋಗಿಗಿಂತ ರೋಗದ ಮಾತೇ ರುಚಿಯಾಗಿತ್ತು.

ಅರಿಶಿನದ ವಿಷಯ ಬಂದರೆ ಮೇಷ್ಟ್ರು ಪೇಟೆಂಟ್ ಕಥೆ ಹೇಳದೆ ಏಳುವವರಲ್ಲ. ಅಮೆರಿಕದಲ್ಲಿ 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚಿದರೆ ಮಾಯುತ್ತದೆ ಎಂಬುದಕ್ಕೆ ಪೇಟೆಂಟ್ ಕೊಟ್ಟರು. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ. ನಮ್ಮ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿ.ಎಸ್.ಐ.ಆರ್. ಸುಮ್ಮನಿರಲಿಲ್ಲ. ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು, ಇದು ನಮಗೆ ಮೊದಲೇ ಗೊತ್ತಿದ್ದ ವಿಚಾರ ಎಂದು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು.

"ನನ್ನನ್ನು ಕರೆದಿದ್ದರೆ ಒಂದೇ ದಿನದಲ್ಲಿ ಮುಗಿಸುತ್ತಿದ್ದೆ," ಎಂದರು ಶಾರದಕ್ಕ. "ನನ್ನ ಮೊಣಕಾಲಿನ ಕಲೆ ತೋರಿಸಿದ್ದರೆ ಸಾಕಿತ್ತು. ಹಲಸಿನ ಮರದಿಂದ ಬಿದ್ದದ್ದು. ಅಜ್ಜಿ ಅರಿಶಿನವನ್ನೇ ಮೆತ್ತಿದ್ದರು."

"ಗ್ರಂಥ ಬೇಕಿತ್ತು ಅಕ್ಕ, ಮೊಣಕಾಲಲ್ಲ."

"ಅದಕ್ಕೇ ಎರಡು ವರ್ಷ ಹಿಡಿಯಿತು."

ಇಲ್ಲಿ ಪ್ಯಾರಾ ಸ್ವಲ್ಪ ಬಿಗಿಯಾದ. ಸಣ್ಣ ಗೀರಿಗೆ ಏನೋ ಸರಿ, ಆದರೆ ಕುದಿಯುವ ಎಣ್ಣೆ ಹಾರಿ ಸುಟ್ಟ ಕೈಗೆ ಅರಿಶಿನ, ಕಾಫಿ ಪುಡಿ, ಟೂತ್‌ಪೇಸ್ಟ್ ಮೆತ್ತಿಕೊಂಡು ಬರುತ್ತಾರೆ, ಅದನ್ನೆಲ್ಲ ಕೆರೆದು ತೆಗೆಯುವಾಗ ನೋಡಲಾಗುವುದಿಲ್ಲ ಎಂದ. ಸುಟ್ಟರೆ ಮೊದಲು ತಣ್ಣೀರು. ನಲ್ಲಿ ಕೆಳಗೆ ಇಪ್ಪತ್ತು ನಿಮಿಷ. ಐಸ್ ಅಲ್ಲ, ತಣ್ಣೀರು. ಆಮೇಲೆ ಆಸ್ಪತ್ರೆ.

"ಅದೂ ಅಲ್ಲದೆ ಅಂಗಡಿ ಅರಿಶಿನದಲ್ಲಿ ಅರಿಶಿನ ಎಷ್ಟಿರುತ್ತೆ ಅಂತ ದೇವರಿಗೇ ಗೊತ್ತು," ಎಂದರು ಮೇಷ್ಟ್ರು. "ಬಣ್ಣ ಬರಲಿ ಅಂತ ಸೀಸ ಇರುವ ಲೆಡ್ ಕ್ರೋಮೇಟ್ ಬೆರೆಸುವವರಿದ್ದಾರೆ. ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು ಒಂದು ಚಮಚ ಪುಡಿ ಹಾಕಿ, ಕಲಕದೆ ಬಿಡಿ. ಒಳ್ಳೆಯದಾದರೆ ಪುಡಿ ತಳಕ್ಕೆ ಕೂತು ನೀರು ತಿಳಿ ಹಳದಿಯಾಗುತ್ತದೆ. ನೀರೆಲ್ಲ ಕಡು ಹಳದಿಯಾಗಿ ನಿಂತರೆ ಆ ಪೊಟ್ಟಣ ಬೇಡ."

"ಕಾಳುಮೆಣಸಿಗೆ ಪಪ್ಪಾಯ ಬೀಜ ಬೆರೆಸುತ್ತಾರಂತೆ ಅಲ್ವಾ?" ಎಂದು ರಮೇಶ ಮುಗ್ಧವಾಗಿ ಕೇಳಿದ.

ಜಗಲಿ ಸ್ತಬ್ಧವಾಯಿತು. ಗೌಡ್ರ ತೋಟದಲ್ಲಿ ಪಪ್ಪಾಯ ಗಿಡಗಳೂ ಇವೆ.

"ಅದು ನಮ್ಮ ಬಾಳೆ ನಡುವೆ ತಾನಾಗೇ ಹುಟ್ಟಿದ್ದು," ಎಂದರು ಗೌಡ್ರು, ಯಾರೂ ಕೇಳದಿದ್ದರೂ.

ಮಾತು ತಿರುಗಿಸಲು ಶಾರದಕ್ಕ ಇಂಗಿನ ಡಬ್ಬಿ ತಂದರು. ಹೊಟ್ಟೆ ಉಬ್ಬರಕ್ಕೆ ಮಜ್ಜಿಗೆಗೆ ಇಂಗಿನ ಒಗ್ಗರಣೆ ಅವರ ಬ್ರಹ್ಮಾಸ್ತ್ರ. "ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತ ಗಾದೆ. ನಮ್ಮೂರಲ್ಲಿ ತೆಂಗನ್ನೆಲ್ಲ ಮಂಗಗಳು ಆಗಲೇ ತಗೊಂಡಾಗಿದೆ. ಇನ್ನು ಇಂಗು ಸಿಕ್ಕರೆ ನಾನು ಅಡುಗೆಮನೆ ಬಿಟ್ಟುಕೊಡಬೇಕು."

ತಮಾಷೆ ಎಂದರೆ ನಮ್ಮ ಸಾರಿನ ಪ್ರಾಣವಾದ ಈ ಇಂಗು ನಮ್ಮದಲ್ಲವೇ ಅಲ್ಲ. ಅಫ್ಘಾನಿಸ್ತಾನ, ಇರಾನ್ ಕಡೆಯ ಒಣ ಬೆಟ್ಟಗಳಲ್ಲಿ ಬೆಳೆಯುವ ಗಿಡದ ಬೇರಿನ ಅಂಟು. ನಮ್ಮ ದೇಶದಲ್ಲಿ ಬೆಳೆಸುವುದಕ್ಕೆಂದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದೇ 2020ರಲ್ಲಿ. ಡಬ್ಬಿಯಲ್ಲಿ ಸಿಗುವುದರಲ್ಲಿ ಗೋಂದು, ಹಿಟ್ಟು ಎಲ್ಲ ಸೇರಿರುತ್ತದೆ. ಹಾಗೇ ಇದ್ದ ಇಂಗನ್ನು ಬಾಯಿಗೆ ಹಾಕಿದರೆ ಊರು ಬಿಡಬೇಕಾದೀತು.

"ಆಗುಂಬೆಯಲ್ಲಿ ಹಾಕಿದರೆ ಬರುತ್ತಾ?" ಎಂದು ಗೌಡ್ರಿಗೆ ಆಸೆ ಹುಟ್ಟಿತು.

"ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ಊರಲ್ಲಿ ಮರುಭೂಮಿ ಗಿಡ! ಕೊಳೆ ರೋಗಕ್ಕೆ ಇನ್ನೊಂದು ಬೆಳೆ ಕೊಟ್ಟ ಹಾಗಾಗುತ್ತದೆ."

ಲವಂಗದ ಮಾತು ಬೇಗ ಮುಗಿಯಿತು, ಏಕೆಂದರೆ ಅದರ ಬಗ್ಗೆ ಜಗಳವಿರಲಿಲ್ಲ. ಹಲ್ಲುನೋವಿಗೆ ಲವಂಗ ಕಚ್ಚಿದರೆ ನೋವು ಮಂಕಾಗುತ್ತದೆ. ಅದರ ಯೂಜಿನಾಲ್ ಎಂಬ ಎಣ್ಣೆಯನ್ನು ದಂತವೈದ್ಯರೂ ಬಳಸುತ್ತಾರೆ, ಅವರ ಕ್ಲಿನಿಕ್ಕಿನ ವಾಸನೆಯೇ ಅದು. ನೋವು ಮಂಕಾಗುತ್ತದೆಯೇ ಹೊರತು ಹುಳುಕು ಹೋಗುವುದಿಲ್ಲ. ಓಮದಲ್ಲಿ ಥೈಮಾಲ್ ಇದೆ, ಅಜೀರ್ಣಕ್ಕೆ ಓಮದ ನೀರು ಕುಡಿಯದ ಮನೆಯಿಲ್ಲ. ಇಷ್ಟಕ್ಕೆ ಎಲ್ಲರೂ ಒಪ್ಪಿ ನಮಗೇ ಬೇಜಾರಾಯಿತು.

"ಓಮಕ್ಕಿಂತ ದೊಡ್ಡಪತ್ರೆ ತಂಬುಳಿ ಮೇಲು," ಎಂದು ಶಾರದಕ್ಕ ಹೇಳಿದ ಮೇಲೆಯೇ ಮತ್ತೆ ಜೀವ ಬಂದದ್ದು.

ನನಗೆ ಕೇಳಿದರೆ ಮಲೆನಾಡಿನ ಎಲ್ಲ ವೈದ್ಯವೂ ತಂಬುಳಿಯಲ್ಲಿದೆ. ದೊಡ್ಡಪತ್ರೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೊತೆಗೆ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ಆಯಿತು. ಕುದಿಸುವ ಹಾಗಿಲ್ಲ. ಮೇಲೆ ಸಾಸಿವೆ, ಒಣಮೆಣಸಿನ ಒಗ್ಗರಣೆ. ಎಲೆ ಸಿಗದ ದಿನ ಬರೀ ಜೀರಿಗೆ ಮೆಣಸಿನದು. ಹೊಟ್ಟೆ ಸರಿಯಿಲ್ಲದಿದ್ದರೆ ಮೆಂತ್ಯದ್ದು. ಗದ್ದೆ ಅಂಚಿನಲ್ಲಿ ಒಂದೆಲಗ ಕಂಡರೆ ಅದರದ್ದು. ಇದನ್ನು ಯಾರೂ ಔಷಧಿ ಎಂದು ಬಡಿಸುವುದಿಲ್ಲ. ಊಟದ ಮೊದಲು ಅನ್ನಕ್ಕೆ ಒಂದು ಸೌಟು ಬೀಳುತ್ತದೆ, ನಾವು ಸುರಿದುಕೊಂಡು ಉಣ್ಣುತ್ತೇವೆ. ಅಳತೆ ಮೀರುವ ಭಯವೇ ಇಲ್ಲ. ನಾಲಿಗೆ ಬೇಡ ಎಂದಾಗ ಕೈ ತಾನಾಗೇ ನಿಲ್ಲುತ್ತದೆ. ಮಾತ್ರೆಗೆ ಆ ಬುದ್ಧಿ ಎಲ್ಲಿಂದ ಬರಬೇಕು?

"ನೆಗಡಿಗೆ ಮಜ್ಜಿಗೆ ಆಗುತ್ತಾ?" ರಮೇಶನ ಅನುಮಾನ.

"ಆಗುವುದಿಲ್ಲ," ಎಂದರು ಶಾರದಕ್ಕ.

"ಆಗುತ್ತದೆ," ಎಂದರು ಗೌಡ್ರು. "ಮೆಣಸು ಇದೆಯಲ್ಲ."

ಆಮೇಲೆ ಜೇನು ಶುಂಠಿ ಬಂತು. ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನು ನಿಜವಾಗಿಯೂ ಹಿತ. ಪ್ಯಾರಾ ಕೂಡ ಒಪ್ಪಿದ. ಒಪ್ಪಿಕೊಂಡೇ ಬೆರಳು ಎತ್ತಿದ: ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು, ಬಾಟುಲಿಸಂ ಎಂಬ ಕೆಟ್ಟ ಕಾಯಿಲೆ ಬರಬಹುದು. ಬಜೆ ತೇದು ನೆಕ್ಕಿಸುವುದೂ ಬೇಡ.

"ನಾವೆಲ್ಲ ಅದನ್ನೇ ನೆಕ್ಕಿ ದೊಡ್ಡವರಾದದ್ದು," ಎಂದರು ಗೌಡ್ರು.

"ದೊಡ್ಡವರಾಗದವರು ಇಲ್ಲಿ ಬಂದು ಹೇಳುವುದಿಲ್ಲವಲ್ಲ ಗೌಡ್ರೇ."

ಗೌಡ್ರಿಗೂ ಇದಕ್ಕೆ ಉತ್ತರ ಹೊಳೆಯಲಿಲ್ಲ. ಪ್ಯಾರಾ ಬಿಡಲಿಲ್ಲ. ಈ ಸೀನು, ಕೆಮ್ಮು, ಹೊಟ್ಟೆ ಉಬ್ಬರ ಎಲ್ಲ ಸಾಂಬಾರ ಡಬ್ಬಿಯ ಪಾಲು, ತನಗೇನೂ ತಕರಾರಿಲ್ಲ ಎಂದ. ಆದರೆ ಜ್ವರ ಅದರ ಪಾಲಲ್ಲ. ನಮ್ಮದು ಸಾಮಾನ್ಯ ಜಿಲ್ಲೆಯಲ್ಲ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಬೇಸಿಗೆಯಲ್ಲಿ ಸೊಪ್ಪು ದರಗು ತರಲು ಕಾಡಿಗೆ ಹೋಗಿ ಉಣುಗು ಕಚ್ಚಿಸಿಕೊಂಡು ಬಂದವರಿಗೆ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ಗದ್ದೆ ನೀರಲ್ಲಿ ಇಲಿಜ್ವರ, ಜೊತೆಗೆ ಡೆಂಗಿ. ಇಲಿಜ್ವರಕ್ಕೆ ಬೇಗ ಔಷಧಿ ಸಿಕ್ಕರೆ ಗುಣವಾಗುತ್ತದೆ, ಕಷಾಯ ಕುಡಿಯುತ್ತಾ ಕೂತರೆ ಕಿಡ್ನಿಗೆ ಬರುತ್ತದೆ. ಮೈಕೈ ನೋವೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗುವುದೂ ಬೇಡ, ಡೆಂಗಿಯಿದ್ದರೆ ರಕ್ತಸ್ರಾವದ ಭಯ.

"ಮತ್ತೆ ಏನು ನುಂಗಬೇಕು?" ಎಂದೆ ನಾನು.

"ಪ್ಯಾರಾಸಿಟಮಾಲ್," ಎಂದ ಪ್ಯಾರಾ, ಬಹಳ ಗಂಭೀರವಾಗಿ. ನಾವೆಲ್ಲ ನಕ್ಕದ್ದಕ್ಕೆ ಅವನಿಗೆ ಸಿಟ್ಟು ಬಂತು. ಪಾಪ, ಅವನು ಹೇಳಿದ್ದು ಸರಿಯೇ ಇತ್ತು.

ಶಾರದಕ್ಕ ರಮೇಶನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಬರೀ ನೆಗಡಿ, ಅದೂ ಬಸ್ಸಿನ ಕಿಟಕಿ ಪಕ್ಕ ಕೂತು ಹಿಡಿಸಿಕೊಂಡದ್ದು ಎಂದು ತೀರ್ಪು ಕೊಟ್ಟರು. ನೆಗಡಿ ಬರುವುದು ವೈರಸ್ಸಿನಿಂದ, ಕಿಟಕಿಯಿಂದಲ್ಲ ಎಂದು ಮೇಷ್ಟ್ರು ಬಾಯಿ ತೆರೆದರು. ಶಾರದಕ್ಕ ಅವರ ಲೋಟಕ್ಕೆ ಇನ್ನಷ್ಟು ಕಷಾಯ ಬಗ್ಗಿಸಿ ಬಾಯಿ ಮುಚ್ಚಿಸಿದರು.

ರಮೇಶನಿಗೆ ಕಷಾಯ ಬಹಳ ಹಿಡಿಸಿತು. "ಅಕ್ಕ, ಬೆಂಗಳೂರಿಗೆ ಒಂದು ಡಬ್ಬಿ ಪುಡಿ ಮಾಡಿಕೊಡುತ್ತೀರಾ?"

"ಅದಕ್ಕೇನು ಮಾರಾಯ, ಕೊತ್ತಂಬರಿ ಇದೆ, ಜೀರಿಗೆ ಇದೆ. ಮೆಣಸು ಮಾತ್ರ ಮುಗಿದಿದೆ." ಶಾರದಕ್ಕ ಗೌಡ್ರ ಕಡೆ ತಿರುಗಿದರು. "ಗೌಡ್ರೇ, ನಿಮ್ಮ ಅಟ್ಟದಲ್ಲಿ ಮೂಟೆಗಟ್ಟಲೆ ಇದೆಯಲ್ಲ. ಹುಡುಗನ ಆರೋಗ್ಯದ ವಿಷಯ. ಒಂದು ಕಾಲು ಕೆಜಿ ಕಳಿಸಿಕೊಡಿ."

ಗೌಡ್ರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಮಳೆ ಕಡಿಮೆಯಾಯಿತಾ ಎಂದು ಅಂಗಳಕ್ಕೆ ಕಣ್ಣು ಹಾಯಿಸಿದರು. ಅದು ಜೋರಾಗಿಯೇ ಇತ್ತು.

"ಕಳಿಸಬಹುದಿತ್ತು ಅಕ್ಕ," ಎಂದರು. "ಆದರೆ ರೇಟು ಇನ್ನೂ ಸ್ವಲ್ಪ ಏರುತ್ತದೆ ಅನ್ನುತ್ತಿದ್ದಾರೆ. ಬರೀ ನೆಗಡಿ ತಾನೇ? ಶುಂಠಿ ಜಾಸ್ತಿ ಹಾಕಿ, ಸಾಕು."